ಮುತ್ಯಾನ ಹೆಸರನ್ನು ಬರೆದವರು ಯಾರು?

ಸುರಪುರದ ಸುತ್ತಲಿನ ಊರುಗಳಲ್ಲಿ ಯಾರನ್ನಾದರೂ ಅವರ ಮನೆತನದ ಬಗ್ಗೆ ಕೇಳಿ ನೋಡಿ. ಮೂರು ತಲೆಮಾರು ದಾಟುವಷ್ಟರಲ್ಲಿ ಮಾತು 1858ಕ್ಕೆ ಬಂದು ನಿಲ್ಲುತ್ತದೆ. ‘ನಮ್ಮ ಮುತ್ಯಾನ ಮುತ್ಯಾ ರಾಜಾನ ಕಡೀಗಿ ಇದ್ದನ್ರೀ’ ಎಂಬ ಮಾತನ್ನು ಕ್ಷೇತ್ರಕಾರ್ಯದ ನಾಲ್ಕು ವರ್ಷಗಳಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ರಾಜ ಎಂದರೆ ರಾಜಾ ವೆಂಕಟಪ್ಪನಾಯಕ. 1858ರ ಫೆಬ್ರುವರಿಯಲ್ಲಿ ಕಂಪನಿಯ ಸೈನ್ಯದ ಎದುರು ನಿಂತವನು. ಆ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬರಿ ಸತ್ತ. ರಾಜ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಮರಣದಂಡನೆ ಕಡಿಮೆಯಾಗಿ ಕೊನೆಗೆ ನಾಲ್ಕು ವರ್ಷದ ಸೆರೆ ಎಂದಾಯಿತು. ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿ ಮೇ ತಿಂಗಳಲ್ಲಿ ಅವನು ಗುಂಡಿಗೆ ಸತ್ತ. ತಾನೇ ಹೊಡೆದುಕೊಂಡ ಎನ್ನುತ್ತದೆ ಸರ್ಕಾರಿ ಕಾಗದ. ಸುರಪುರದಲ್ಲಿ ಕೇಳಿದರೆ ಬೇರೆ ಉತ್ತರಗಳೂ ಸಿಗುತ್ತವೆ.

ನಾನು ಒಮ್ಮೆಯೂ ಕೇಳದ ಮಾತು ಒಂದಿದೆ. ‘ನಮ್ಮವ ಇಂಗ್ಲಿಷರ ಕಡೀಗಿ ಇದ್ದ’ ಎಂದು ಯಾರೂ ಹೇಳಿಲ್ಲ. ಹಾಗೆ ಇದ್ದವರೇ ಇರಲಿಲ್ಲವೇ? ಬೀಡುಬಿಟ್ಟ ಸೈನ್ಯಕ್ಕೆ ಮೇವು ಹೊತ್ತವರು, ಹಾಲು ಮಾರಿದವರು, ದಾರಿ ತೋರಿಸಿದವರು, ಪತ್ರ ಓದಿ ಹೇಳಿದವರು ಇದ್ದೇ ಇರಬೇಕು. ಇವರಿಗಿಂತ ಹೆಚ್ಚಿನವರು ಎರಡೂ ಕಡೆ ಇರದೆ ಆ ಫೆಬ್ರುವರಿಯಲ್ಲಿ ಜೋಳದ ರಾಶಿ ಮನೆಗೆ ಬಂದರೆ ಸಾಕು ಎಂದುಕೊಂಡಿದ್ದವರು. ಅವರಿಗೂ ಮಕ್ಕಳಾದರು, ಮೊಮ್ಮಕ್ಕಳಾದರು. ಆ ಮೊಮ್ಮಕ್ಕಳ ಮೊಮ್ಮಕ್ಕಳು ಈಗ ಎಲ್ಲಿ ಹೋದರು?

ಲೆಕ್ಕ ಸರಳ. ಇಂದು ಇಪ್ಪತ್ತೈದು ವರ್ಷದವನಿಗೆ 1858 ಎಂದರೆ ಸುಮಾರು ಆರು ತಲೆಮಾರು ಹಿಂದೆ. ಎರಡು, ನಾಲ್ಕು, ಎಂಟು ಎಂದು ಏರಿದರೆ ಆರನೆಯ ತಲೆಮಾರಿನಲ್ಲಿ 64 ಜನ ಹಿರಿಯರು. ನಮ್ಮ ಕಡೆಯ ಸೋದರಿಕೆಯ ಮದುವೆಗಳಿಂದ ಈ ಸಂಖ್ಯೆ ಇಳಿಯುತ್ತದೆ, ಒಬ್ಬರೇ ಎರಡು ಮೂರು ಜಾಗದಲ್ಲಿ ಬರುತ್ತಾರೆ. ಆದರೂ ಮೂವತ್ತು ನಲವತ್ತು ಜನರಿಗೆ ಕಡಿಮೆಯಿಲ್ಲ. ಅವರಲ್ಲಿ ಒಬ್ಬನನ್ನು ನಾವು ‘ನಮ್ಮ ಮುತ್ಯಾ’ ಎನ್ನುತ್ತೇವೆ. ಉಳಿದವರನ್ನು ಬಿಡುತ್ತೇವೆ. ಹೀಗೆ ಬಿಡುವುದಕ್ಕೆ ನಮಗೆ ಹಕ್ಕಿದೆಯೇ? ಹಿರಿಯರನ್ನು ಆರಿಸಿಕೊಳ್ಳಬಹುದೇ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ಸಂಶೋಧನೆ ನಿಜಾಮರ ಕಾಲದ ಭೂದಾಖಲೆಗಳ ಮೇಲೆ. ಉರ್ದು ಓದಲು ಬರುತ್ತದೆ ಎಂದು ಗೊತ್ತಾದ ಮೇಲೆ ಯಾದಗಿರಿ, ಶಹಾಪುರ, ಸುರಪುರಗಳಿಂದ ಜನ ಹಳೆಯ ಕಾಗದ ಹಿಡಿದು ಬರತೊಡಗಿದರು. ಹೆಚ್ಚಿನವರಿಗೆ ಬೇಕಾದದ್ದು ಹೊಲದ ವ್ಯಾಜ್ಯಕ್ಕೆ ಸಾಕ್ಷಿ. ಎರಡು ವರ್ಷದ ಹಿಂದೆ ಮಾತ್ರ ಬೇರೆ ತರಹದ ಕೋರಿಕೆಯೊಂದು ಬಂತು. ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಐವತ್ತು ವರ್ಷದ ಹಿಂದೆ ಓದಲು ಹೊರಟು ಅಮೆರಿಕದಲ್ಲಿ ನೆಲೆಸಿದ ಒಂದು ಕುಟುಂಬದಿಂದ. ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬಾ ಎಂದಿದ್ದರು. ಅವಳ ಜೊತೆಯವರು ಹಡಗಿನ ಪ್ರಯಾಣಿಕರ ಪಟ್ಟಿ, ಚರ್ಚಿನ ದೀಕ್ಷಾಸ್ನಾನದ ದಾಖಲೆ, 1790ರ ಜನಗಣತಿ ಎಂದು ಇನ್ನೂರು ಮುನ್ನೂರು ವರ್ಷ ಹಿಂದೆ ಹೋಗಿದ್ದರು. ಇವಳು ಅಜ್ಜನ ತಂದೆಯ ಹೆಸರಿಗೆ ನಿಂತಿದ್ದಳು. ‘ನಮ್ಮದೂ ಹಳೆಯ ಮನೆತನ, ದಾಖಲೆ ಇರಲೇಬೇಕು, ಹುಡುಕಿಕೊಡಿ’ ಎಂದು ಅವಳ ಅಜ್ಜ ಬರೆದರು.

ದಾಖಲೆ ಇತ್ತು. ಹುಡುಕುವ ಬಗೆಯನ್ನು ಇಲ್ಲಿ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಮುಂದಿನ ಮಾತೆಲ್ಲ ಅದರ ಮೇಲೇ ನಿಂತಿದೆ. ಇಂದಿನ ಪಹಣಿಯಿಂದ ಶುರು ಮಾಡಬೇಕು. ಅಲ್ಲಿಂದ ಮ್ಯುಟೇಶನ್ ವಹಿಗಳ ಬೆನ್ನು ಹತ್ತಿ ಹಿಂದೆ ಹೋದರೆ 1954-55ರ ಖಾಸ್ರಾ ಪಹಣಿ ಸಿಗುತ್ತದೆ. ಇನ್ನೂ ಹಿಂದೆ ಸೇತ್ವಾರ್. ಅಂದರೆ ಮೊದಲ ಅಳತೆ ಆದಾಗ ಯಾವ ಸರ್ವೆ ನಂಬರು, ಎಷ್ಟು ಎಕರೆ ಗುಂಟೆ, ಎಷ್ಟು ಆಕಾರ, ಪಟ್ಟೇದಾರ ಯಾರು ಎಂದು ಬರೆದ ಪಟ್ಟಿ. ವರ್ಷ ಫಸಲಿಯಲ್ಲಿ ಇರುತ್ತದೆ. ಅದಕ್ಕೆ 590 ಕೂಡಿಸಬೇಕು. ಫಸಲಿ 1310 ಎಂದರೆ 1900ನೆಯ ಇಸವಿ. ಭಾಷೆ ಉರ್ದು, ಬರಹ ಅವಸರದ ಶಿಕಸ್ತಾ. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ನಮ್ಮ ಳ, ಣ ಅದರಲ್ಲಿಲ್ಲ. ಹಳ್ಳೆಪ್ಪ, ಹುಲ್ಲೆಪ್ಪ, ಹೊಳೆಪ್ಪ ಮೂವರೂ ಗುಮಾಸ್ತನ ಲೇಖನಿಯ ಕೆಳಗೆ ಹೆಚ್ಚುಕಡಿಮೆ ಒಬ್ಬನೇ ಆಗಿಬಿಡುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ರೂಢಿ ಬೇರೆ ಸೇರಿಕೊಂಡರೆ ಭೀಮರಾಯನ ಮಗ ಶರಣಪ್ಪ, ಶರಣಪ್ಪನ ಮಗ ಭೀಮರಾಯ ಎಂದು ಇಬ್ಬರೇ ನೂರು ವರ್ಷ ಬದುಕಿದಂತೆ ಕಾಣುತ್ತದೆ.

ಆ ಕುಟುಂಬದ ಜಾಡು ಹಿಡಿದು ನಾನು ತಲುಪಿದ ಅತಿ ಹಳೆಯ ಹೆಸರು ಹುಸೇನಪ್ಪ.

ನಮ್ಮ ಕಡೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮೊಹರಂ ಪೀರ್‌ಗಳಿಗೆ ಹರಕೆ ಹೊತ್ತು ಹುಟ್ಟಿದ ಮಗನಿಗೆ ಹುಸೇನಪ್ಪ, ಮೈಲಾಪುರದ ಮೈಲಾರಲಿಂಗನಿಗೆ ಹೊತ್ತರೆ ಮೈಲಾರಪ್ಪ, ತಿಂಥಣಿಯ ಮೌನೇಶ್ವರನಿಗೆ ಹೊತ್ತರೆ ಮೌನೇಶ. ಒಂದೇ ತಾಯಿಯ ಮಕ್ಕಳಿಗೆ ಈ ಮೂರೂ ಹೆಸರು ಇರುವ ಮನೆಗಳನ್ನು ನಾನು ಕಂಡಿದ್ದೇನೆ. ಅಮೆರಿಕದ ಮನೆಯವರಿಗೆ ಮಾತ್ರ ಅದು ಸಹಜವಾಗಿ ಕಾಣಲಿಲ್ಲ. ‘ಓದುವಾಗ ಏನೋ ವ್ಯತ್ಯಾಸ ಆಗಿರಬೇಕು. ನೀವೇ ಹೇಳಿದಿರಿ, ಉರ್ದುವಿನಲ್ಲಿ ಹೆಸರು ಸರಿಯಾಗಿ ಬರುವುದಿಲ್ಲ ಅಂತ. ಅದು ಹಸನಪ್ಪನೋ, ಹೊಸನಪ್ಪನೋ ಇರಬಹುದಲ್ಲವೇ?’ ಹಸನಪ್ಪ ಎಂದರೆ ಕಷ್ಟ ಹೆಚ್ಚೇ ಹೊರತು ಕಡಿಮೆಯಾಗುವುದಿಲ್ಲ ಎಂದು ಅವರಿಗೆ ಹೊಳೆದಿರಲಿಲ್ಲ. ಇರಲಿ. ಉರ್ದು ಲಿಪಿಗೆ ಕಷ್ಟವಾಗುವುದು ಕನ್ನಡದ ಹೆಸರುಗಳು. ಹುಸೇನ ಎಂಬುದು ಅದಕ್ಕೆ ಮನೆಯ ಪದ. ಆ ಇಡೀ ಪುಟದಲ್ಲಿ ಯಾವ ಅನುಮಾನವೂ ಇಲ್ಲದೆ ಓದಬಹುದಾದ ಹೆಸರು ಅದೊಂದೇ ಆಗಿತ್ತು.

ಅವರನ್ನು ನಾನು ಹಾಸ್ಯ ಮಾಡುತ್ತಿಲ್ಲ. ಊರು ಬಿಟ್ಟ ಮೇಲೆ ಊರು ಒಂದು ಚಿತ್ರವಾಗುತ್ತದೆ. ಚಿತ್ರಕ್ಕೆ ಒಪ್ಪದ ಬಣ್ಣ ಕಣ್ಣಿಗೆ ಚುಚ್ಚುತ್ತದೆ. ಹತ್ತು ಸಾವಿರ ಮೈಲಿ ದೂರ ಹೋಗಬೇಕೆಂದೂ ಇಲ್ಲ, ಯಾದಗಿರಿಯಲ್ಲಿ ಕುಳಿತವರೂ ಈಗ ಇದೇ ಕೋರಿಕೆ ಇಡುತ್ತಾರೆ. ವಂಶ ಹುಡುಕಿಕೊಡಿ ಎನ್ನುವವರಲ್ಲಿ ಅನೇಕರು ಮನಸ್ಸಿನಲ್ಲಿ ಮೊದಲೇ ಬರೆದಿಟ್ಟುಕೊಂಡ ವಂಶಕ್ಕೆ ಸರ್ಕಾರದ ಮೊಹರು ಕೇಳಲು ಬಂದಿರುತ್ತಾರೆ.

ಅಮೆರಿಕದಲ್ಲಿ ಈ ಹುಡುಕಾಟಕ್ಕೆ ದೊಡ್ಡ ಚರಿತ್ರೆಯಿದೆ. ಆ ಹುಡುಗಿಯ ಜೊತೆಯವರು ಹಿಂದೆ ಹಿಂದೆ ಹೋದರು ಎಂದೆನಲ್ಲ, ಎಲ್ಲರೂ ಹೋಗಲು ಆಗಿರಲಾರದು. ಕರಿಯ ಅಮೆರಿಕನ್ನರ ವಂಶ ಹುಡುಕುವವರು 1870ರ ಗೋಡೆ ಎಂದು ಒಂದನ್ನು ಹೇಳುತ್ತಾರೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ಹೆಸರು ಜನಗಣತಿಯಲ್ಲಿ ಬಂದದ್ದು ಆ ವರ್ಷ ಮೊದಲ ಬಾರಿಗೆ. ಅದಕ್ಕೆ ಮುಂಚೆ 1850 ಮತ್ತು 1860ರಲ್ಲಿ ಗುಲಾಮರ ಪಟ್ಟಿಗಳನ್ನು ಮಾಡಿದ್ದರು. ಅವುಗಳಲ್ಲಿ ಯಜಮಾನನ ಹೆಸರಿದೆ. ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರಿಲ್ಲ. 1860ರ ಪಟ್ಟಿಯಲ್ಲಿ ‘32, ಹೆಣ್ಣು, ಕಪ್ಪು’ ಎಂದು ಒಂದು ಸಾಲು ಕಂಡರೆ ಅದು ನನ್ನ ಮುತ್ತಜ್ಜಿಯೇ ಎಂದು ಯಾರು ಹೇಳಬಲ್ಲರು? ಲೆಕ್ಕ ಬರೆದವನು ಸುಳ್ಳು ಬರೆದಿಲ್ಲ. ಅವನಿಗೆ ಬೇಕಾಗಿದ್ದದ್ದು ಯಜಮಾನನ ಆಸ್ತಿಯ ಎಣಿಕೆ, ಅದನ್ನು ಸರಿಯಾಗಿಯೇ ಎಣಿಸಿದ.

ಈ ಗೋಡೆಯನ್ನು ದಾಟಿದೆ ಎಂದವನು ಅಲೆಕ್ಸ್ ಹೇಲಿ. 1976ರಲ್ಲಿ ಬಂದ ಅವನ ‘ರೂಟ್ಸ್’ ಕೋಟ್ಯಂತರ ಜನರನ್ನು ತಮ್ಮ ಬೇರು ಹುಡುಕಲು ಹಚ್ಚಿತು. ಮನೆಯಲ್ಲಿ ಅಜ್ಜಿಯರು ಹೇಳುತ್ತಿದ್ದ ಕಥೆಯ ಎಳೆ ಹಿಡಿದು ಅವನು ಗ್ಯಾಂಬಿಯಾದ ಜುಫುರೆ ಎಂಬ ಹಳ್ಳಿಗೆ ಹೋದ. ಅಲ್ಲಿ ವಂಶಾವಳಿ ಹೇಳುವ ಗ್ರಿಯೋ ಒಬ್ಬ ಕುಂಟಾ ಕಿಂಟೆ ಎಂಬ ಹುಡುಗ ಸೌದೆಗೆ ಹೋದವನು ಮರಳಿ ಬರಲಿಲ್ಲ ಎಂದು ಹೇಳಿದ. ಹೇಲಿಗೆ ತನ್ನ ಪೂರ್ವಜ ಸಿಕ್ಕ. ಕೆಲವೇ ವರ್ಷಗಳಲ್ಲಿ ವಿದ್ವಾಂಸರು ವರ್ಜಿನಿಯಾದ ದಾಖಲೆಗಳನ್ನು ತೆಗೆದು ನೋಡಿದರು. ಕುಂಟಾ ಹಡಗಿನಲ್ಲಿ ಬಂದನೆಂದು ಹೇಲಿ ಹೇಳಿದ ವರ್ಷ 1767. ಅವನೇ ಎಂದು ಹೇಲಿ ಗುರುತಿಸಿದ ಟೋಬಿ ಎಂಬ ಗುಲಾಮ ಅದಕ್ಕೂ ಮುಂಚೆಯೇ ಅಲ್ಲಿದ್ದ. ಗ್ರಿಯೋ ಕೂಡ, ಅತಿಥಿಗೆ ಏನು ಬೇಕು ಎಂಬುದನ್ನು ಮೊದಲೇ ತಿಳಿದುಕೊಂಡು ಹೇಳಿದ್ದನೆಂಬ ಅನುಮಾನ ಬಲವಾಯಿತು.

ಅಂದರೆ ಕಾಗದವೇ ಸತ್ಯ, ಬಾಯಿಮಾತು ಸುಳ್ಳು ಎನ್ನೋಣವೇ? ಅದೂ ಆಗುವುದಿಲ್ಲ. ಥಾಮಸ್ ಜೆಫರ್ಸನ್ ತನ್ನ ತಂದೆ, ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ತನ್ನ ತಾಯಿ ಎಂದು ಮ್ಯಾಡಿಸನ್ ಹೆಮಿಂಗ್ಸ್ 1873ರಲ್ಲಿ ಒಂದು ಪತ್ರಿಕೆಗೆ ಹೇಳಿದ. ಆ ಮನೆಯವರು ತಲೆಮಾರುಗಳ ಕಾಲ ಅದನ್ನೇ ಹೇಳುತ್ತ ಬಂದರು. ಹೆಚ್ಚಿನ ಇತಿಹಾಸಕಾರರು ನೂರಕ್ಕೂ ಹೆಚ್ಚು ವರ್ಷ ಅದನ್ನು ಒಪ್ಪಲಿಲ್ಲ. ಜೆಫರ್ಸನ್ನನ ಬಿಳಿಯ ಮೊಮ್ಮಕ್ಕಳ ಮಾತೂ ಬಾಯಿಮಾತೇ, ಆದರೆ ಅದಕ್ಕೆ ತೂಕವಿತ್ತು. 1998ರ ಡಿಎನ್‌ಎ ಪರೀಕ್ಷೆಯಲ್ಲಿ ಮ್ಯಾಡಿಸನ್ನನ ತಮ್ಮ ಎಸ್ಟನ್ನನ ಗಂಡು ಸಂತತಿ ಜೆಫರ್ಸನ್ ಮನೆತನಕ್ಕೆ ಹೊಂದಿತು. ಆಮೇಲೆ ಹೆಚ್ಚಿನವರು ಒಪ್ಪಿದರು.

ಈ ಎರಡು ಪ್ರಸಂಗಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ನನಗೆ ತೋರುವುದು ಇಷ್ಟು. ಬಾಯಿಯೋ ಕಾಗದವೋ ಎಂಬ ಜಗಳಕ್ಕಿಂತ ಮುಖ್ಯವಾದ ವ್ಯತ್ಯಾಸ ಬೇರೆಯಿದೆ. ಹೆಮಿಂಗ್ಸ್ ಮನೆಯವರು ಹೊತ್ತು ತಂದ ಕಥೆಯಲ್ಲಿ ಹೆಮ್ಮೆಯ ಜೊತೆಗೆ ನೋವೂ ಅವಮಾನವೂ ಇದ್ದವು. ಅವರು ಯಾವುದನ್ನೂ ಕೆಳಗಿಡಲಿಲ್ಲ. ಹೇಲಿಯ ಕೈಗೆ ಬಂದ ಕಥೆ ಅವನ ಆಸೆಯ ಅಳತೆಗೆ ಸರಿಯಾಗಿ ಕೂತಿತ್ತು. ಹಿರಿಯರ ವಿಷಯದಲ್ಲಿ ಅಷ್ಟು ಸರಿಯಾಗಿ ಕೂರುವುದನ್ನು ಅನುಮಾನಿಸಬೇಕು. ಆದರೂ ಹೇಲಿಯ ಮೇಲೆ ನನಗೆ ಸಿಟ್ಟಿಲ್ಲ. ಹೆಸರೇ ಇಲ್ಲದ ಸಾಲನ್ನು ನೋಡುತ್ತ ಎಷ್ಟು ಹೊತ್ತು ಕೂರಬಹುದು?

ನಮ್ಮ ಕಡೆಯ ಗ್ರಿಯೋ ಎಂದರೆ ಹೆಳವ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬರುತ್ತಿದ್ದವರು ಈಗ ಮೋಟಾರ್ ಸೈಕಲ್ ಮೇಲೂ ಬರುತ್ತಾರೆ. ಇಂತಿಂಥ ಮನೆತನಗಳು ಇಂತಿಂಥ ಹೆಳವರಿಗೆ ಎಂದು ಹಂಚಿಕೆಯಾಗಿರುತ್ತದೆ. ಕೆಲವು ವರ್ಷಗಳಿಗೊಮ್ಮೆ ಬಂದು, ಮೂಲಪುರುಷನಿಂದ ಹಿಡಿದು ಯಾವ ಊರು ಬಿಟ್ಟು ಯಾವ ಊರಿಗೆ ಬಂದಿರಿ, ಯಾರಿಗೆ ಯಾರು ಹುಟ್ಟಿದರು ಎಂದು ರಾಗವಾಗಿ ಹೇಳುತ್ತಾರೆ. ಕಳೆದ ಸಲ ಬಂದ ಮೇಲೆ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ. ಕಾಳು, ಬಟ್ಟೆ, ರೊಕ್ಕ, ಉಳ್ಳವರ ಮನೆಯಲ್ಲಿ ಆಕಳೋ ಹೋರಿಯೋ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಹರಿದ್ವಾರದ ಪಂಡಾಗಳ ಬಹಿಗಳು ಇದೇ ಜಾತಿಯವು. ಅವುಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆಯವರು ಬಂದು ಮೈಕ್ರೋಫಿಲ್ಮ್ ಮಾಡಿಕೊಂಡು ಹೋಗಿದ್ದಾರೆ. ಪಂಡಾನ ಹತ್ತಿರ ನೀವು ಹೋಗಬೇಕು, ಹೆಳವ ನಿಮ್ಮ ಹತ್ತಿರ ಬರುತ್ತಾನೆ. ನನಗೆ ಈ ಏರ್ಪಾಡು ಹೆಚ್ಚು ಮರ್ಯಾದೆಯದಾಗಿ ಕಾಣುತ್ತದೆ.

ಆದರೆ ಹೆಳವ ಎಲ್ಲರ ಮನೆಗೂ ಬರುವುದಿಲ್ಲ. ರಾಶಿ ಇದ್ದ ಮನೆಗೆ ಬರುತ್ತಾನೆ. ಅದು ಅವನ ತಪ್ಪಲ್ಲ, ಅವನದೂ ಹೊಟ್ಟೆ. ಸೇತ್ವಾರ್ ಬರೆದ ಗುಮಾಸ್ತನೂ ಹಾಗೇ. ಕಂದಾಯ ಕಟ್ಟುವವನ ಹೆಸರು ಬರೆದ. ಒಬ್ಬ ಮನುಷ್ಯನ ಹೆಸರು ನೂರು ವರ್ಷ ಉಳಿಯಬೇಕಾದರೆ ಅದನ್ನು ಬರೆಯುವುದರಿಂದ ಯಾರಿಗಾದರೂ ಏನಾದರೂ ಸಿಗಬೇಕು. ಕಂದಾಯ, ಕಾಳು, ಶಿಕ್ಷೆ, ಇಲ್ಲವೇ ಜಯದ ವರದಿ.

ಸುರಪುರವನ್ನು ಚರಿತ್ರೆಯಲ್ಲಿ ಬರೆದವರನ್ನೇ ನೋಡಿ. 1705ರಲ್ಲಿ ಔರಂಗಜೇಬ ತನ್ನ 86ನೆಯ ವಯಸ್ಸಿನಲ್ಲಿ ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದ್ದರಿಂದ ಬೇಡ ನಾಯಕರು ಮೊಗಲರ ಬರಹಕ್ಕೆ ಬಂದರು, ಅದೂ ವೈರಿಯ ಮಾತಿನಲ್ಲಿ. ನೂರಮೂವತ್ತೇಳು ವರ್ಷದ ಆಮೇಲೆ, 1842ರಿಂದ 1853ರವರೆಗೆ, ಫಿಲಿಪ್ ಮೆಡೋಸ್ ಟೇಲರ್ ಇಲ್ಲಿ ಕಂಪನಿ ಸರ್ಕಾರದ ಪ್ರತಿನಿಧಿಯಾಗಿದ್ದ. ಅವನು ಕಟ್ಟಿಸಿಕೊಂಡ ಮನೆ ಸುರಪುರದ ಗುಡ್ಡದ ಮೇಲೆ ಈಗಲೂ ಇದೆ, ಟೇಲರ್ ಮಂಜಿಲ್ ಎನ್ನುತ್ತಾರೆ. ರಾಜನಕೋಳೂರಿನ ಶಿಲಾಗೋರಿಗಳನ್ನು ಮೊದಲು ಲೋಕಕ್ಕೆ ತಿಳಿಸಿದವನೂ ಅವನೇ. ಬಾಲಕ ವೆಂಕಟಪ್ಪನಾಯಕ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಆ ಹತ್ತು ವರ್ಷಗಳ ಸುರಪುರ ನಮಗೆ ಗೊತ್ತಿರುವುದು ಬಹುಮಟ್ಟಿಗೆ ಅವನ ಆತ್ಮಕಥೆಯಿಂದ. ರಾಜನ ತಾಯಿ ರಾಣಿ ಈಶ್ವರಮ್ಮ ಆ ಪುಸ್ತಕದಲ್ಲಿ ಪುಟಪುಟಕ್ಕೂ ಬರುತ್ತಾಳೆ, ಏಕೆಂದರೆ ಅವಳು ಟೇಲರನಿಗೆ ಬಗ್ಗಲಿಲ್ಲ. ಕಾಟ ಕೊಟ್ಟ ಹೆಂಗಸಿಗೆ ದಾಖಲೆಯಲ್ಲಿ ಜಾಗ ಸಿಗುತ್ತದೆ. ಅದೇ ಅರಮನೆಯಲ್ಲಿ ಯಾರಿಗೂ ತೊಂದರೆ ಕೊಡದೆ ಬದುಕಿ ಸತ್ತ ಹೆಂಗಸರು ಎಷ್ಟು ಜನವೋ, ಅವರಲ್ಲಿ ಹೆಚ್ಚಿನವರ ಹೆಸರಿಲ್ಲ.

ಟೇಲರನ ಮನೆಯದೇ ಇನ್ನೊಂದು ಕಥೆ. 1876ರಲ್ಲಿ ಅವನು ಸತ್ತ ಮೇಲೆ ಮಗಳು ಆಲಿಸ್ ಆ ಆತ್ಮಕಥೆಯನ್ನು ಸಂಪಾದಿಸಿ 1877ರಲ್ಲಿ ಪ್ರಕಟಿಸಿದಳು. ಆಲಿಸಳ ತಾಯಿ ಮೇರಿ. ಮೇರಿಯ ತಂದೆ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್. ಪಾಮರನ ತಾಯಿ ಫೈಜ್ ಬಕ್ಷ್ ಎಂಬ ಬೇಗಂ. ಜೊಫನಿ ಎಂಬ ಚಿತ್ರಕಾರ 1785ರ ಸುಮಾರಿಗೆ ಬರೆದ ಆ ಕುಟುಂಬದ ಚಿತ್ರವೊಂದಿದೆ, ಈಗ ಲಂಡನ್ನಿನಲ್ಲಿದೆ. ಅದರಲ್ಲಿ ಬೇಗಂ ನೆಲದ ಮೇಲೆ ಕುಳಿತಿದ್ದಾಳೆ, ಮಕ್ಕಳಿದ್ದಾರೆ. ಹಾಗಾಗಿ ಸುರಪುರದ ‘ಬಿಳಿಯ ಸಾಹೇಬ’ನ ಮಕ್ಕಳ ಮುತ್ತಜ್ಜಿ ಹಿಂದುಸ್ತಾನದ ಮುಸ್ಲಿಂ ಮನೆತನದವಳು. ಚಿತ್ರಕಾರನಿಗೆ ಕೊಡಲು ಗಂಡನ ಹತ್ತಿರ ಹಣವಿತ್ತು, ಅವಳ ಮುಖ ಉಳಿಯಿತು. ಹಣವಿಲ್ಲದ ಸಿಪಾಯಿಗಳ ಮನೆಗಳಲ್ಲಿ ಇಂಥ ಮುತ್ತಜ್ಜಿಯರು ಒಂದೆರಡು ತಲೆಮಾರಿನಲ್ಲಿ ಸದ್ದಿಲ್ಲದೆ ಅಳಿಸಿಹೋದರು. ಹುಸೇನಪ್ಪ ಅಳಿಸಿಹೋಗಲಿ ಎಂದು ಬಯಸಿದವರು ನೆನಪಾಗುತ್ತಾರೆ.

ಇಷ್ಟು ಹೊತ್ತು ನಾನು ಹೇಳಿದ್ದು ಹೇಗೋ ಒಂದು ಹೆಸರಾದರೂ ಸಿಕ್ಕವರ ವಿಷಯ. ಹೊಲವಿಲ್ಲದವರ ಕಥೆ ಬೇರೆ. ಯಾದಗಿರಿ ಜಿಲ್ಲೆಯಿಂದ ಬೆಂಗಳೂರಿಗೆ, ಮುಂಬಯಿಗೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುವ ಜನರ ಮುತ್ಯಾಗಳು ಪಹಣಿಯಲ್ಲಿಲ್ಲ, ಸೇತ್ವಾರಿನಲ್ಲಿಲ್ಲ. 1881ರಲ್ಲಿ ಹೈದರಾಬಾದ್ ಸಂಸ್ಥಾನದ ಮೊದಲ ಜನಗಣತಿ ಆದಾಗ ಅವರನ್ನು ಎಣಿಸಿದರು, ಈಗ ಉಳಿದಿರುವುದು ಒಟ್ಟು ಸಂಖ್ಯೆ. ಕೆಲವರು ಊರಿನ ಚಾಕರಿಯ ಹೆಸರಿನಲ್ಲಿ ಸಿಗುತ್ತಾರೆ. ತಳವಾರ, ನೀರಡಿ, ಸೇತಸಿಂಧಿ ಎಂದು ಬರೆದು ಮುಂದೆ ಸಣ್ಣದೊಂದು ಇನಾಮು. ಆ ಗುಮಾಸ್ತನಿಗೆ ತಳವಾರ ಎಂದರೆ ಊರು ಕಾಯುವ ಕೆಲಸ, ಅಷ್ಟೇ. 2020ರಲ್ಲಿ ಸಂಸತ್ತು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ ಎಂಬುದಕ್ಕೆ ಪರ್ಯಾಯವಾಗಿ ಪರಿವಾರ, ತಳವಾರ ಎಂಬ ಹೆಸರುಗಳನ್ನು ಸೇರಿಸಿತು. ಅಲ್ಲಿಂದ ಈ ಭಾಗದಲ್ಲಿ ಆ ಪದ ಒಂದು ಕೆಲಸವೋ ಜಾತಿಯೋ, ಯಾರ ಮುತ್ಯಾ ನಿಜವಾದ ತಳವಾರ ಎಂಬ ವಾದ ನಿಂತಿಲ್ಲ. ಒಂದು ಇಂಜಿನಿಯರಿಂಗ್ ಸೀಟು, ಒಂದು ಪಂಚಾಯಿತಿ ಸದಸ್ಯತ್ವ ನೂರು ವರ್ಷದ ಹಿಂದಿನ ಗುಮಾಸ್ತ ಅವಸರದಲ್ಲಿ ಬರೆದ ಒಂದು ಪದದ ಮೇಲೆ ನಿಂತಿರುತ್ತದೆ. ನನ್ನ ಬಳಿ ಬಂದ ಒಬ್ಬ ಹುಡುಗ ಕೇಳಿದ್ದು ಇದು: ‘ಸರ, ನಮ್ಮ ಮುತ್ಯಾ ಏನು ಕೆಲಸ ಮಾಡ್ತಿದ್ದ ಅಂತ ಬರದದ್ದು ಬ್ಯಾಡ, ಯಾರಾಗಿದ್ದ ಅಂತ ಬರದದ್ದು ಐತೇನು ನೋಡ್ರಿ.’ ಅಂಥ ಕಾಲಂ ಯಾವ ಕಡತದಲ್ಲೂ ನಾನು ಕಂಡಿಲ್ಲ.

ಹಕ್ಕನ್ನು ಮುತ್ಯಾನ ಕಾಗದಕ್ಕೆ ಕಟ್ಟುವುದು ನ್ಯಾಯವೇ ಎಂದು ನೀವು ಕೇಳಬಹುದು. ಅನ್ಯಾಯ ತಲೆಮಾರಿನಿಂದ ತಲೆಮಾರಿಗೆ ಹರಿದಿರುವಾಗ ಅದರ ಪರಿಹಾರವೂ ತಲೆಮಾರನ್ನು ಕೇಳಲೇಬೇಕಾಗುತ್ತದೆ, ಅದು ನನಗೂ ಒಪ್ಪಿಗೆ. ಆದರೆ ಕಾಗದ ಹುಟ್ಟಿದ್ದು ಉಳ್ಳವರ ಮನೆಯಲ್ಲಿ. ಇಲ್ಲದವರಿಗೆ ಅದನ್ನು ತಂದು ತೋರಿಸು ಎನ್ನುವಾಗ, ತೋರಿಸಲಾಗದವನು ಸುಳ್ಳುಗಾರ ಎಂಬ ಭಾವ ಕಚೇರಿಯ ಕಿಟಕಿಯ ಆಚೆ ಮೊದಲೇ ಕೂತಿರಬಾರದು.

ಹೆಣ್ಣುಮಕ್ಕಳದು ಇದಕ್ಕಿಂತ ವಿಚಿತ್ರ. ಹೆಳವನ ವಂಶಾವಳಿ ಗಂಡಿನಿಂದ ಗಂಡಿಗೆ ಹೋಗುತ್ತದೆ. ಪಹಣಿಯೂ ಬಹುಕಾಲ ಹಾಗೇ ಹೋಯಿತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲಿ ಕಾನೂನು ಮಾಡಿತು. 2005ರಲ್ಲಿ ಇಡೀ ದೇಶಕ್ಕೆ ಬಂತು. ತಂದೆ ಬದುಕಿರಲಿ ಬಿಡಲಿ ಆ ಹಕ್ಕು ಹುಟ್ಟಿನಿಂದಲೇ ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಈಗ ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬರುತ್ತದೆ. ಬಂದ ಮೇಲೆ ಅವರನ್ನು ಗಂಡನ ಮನೆಯಿಂದ ಕರೆಸಿ ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಾರೆ. ಒಂದು ಸೀರೆ ಉಡಿಸಿ ಕಳಿಸುತ್ತಾರೆ. ನೂರೈವತ್ತು ವರ್ಷದಲ್ಲಿ ಮೊದಲ ಸಲ ಮನೆತನದ ಕಾಗದದಲ್ಲಿ ಮಗಳ ಹೆಸರು ಬರುತ್ತದೆ, ಬಿಟ್ಟುಕೊಟ್ಟವಳಾಗಿ. ಮುಂದಿನ ಶತಮಾನದಲ್ಲಿ ನನ್ನಂಥವನೊಬ್ಬ ಈ ಪತ್ರಗಳನ್ನು ಓದಿ, ಈ ಕಾಲದ ತಂಗಿಯರು ಎಷ್ಟು ಉದಾರಿಗಳಾಗಿದ್ದರು ಎಂದು ಪ್ರಬಂಧ ಬರೆದಾನು.

ಈಗ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೇಳುತ್ತೇನೆ. ಹಿರಿಯರು ಮಾಡಿದ್ದಕ್ಕೆ ನಾವು ಹೊಣೆಯಲ್ಲ ಎಂಬುದು ಒಪ್ಪತಕ್ಕ ಮಾತು. ಯಾರೂ ತನ್ನ ಮುತ್ಯಾನನ್ನು ಆರಿಸಿಕೊಂಡು ಹುಟ್ಟಿಲ್ಲ. ಆದರೆ ಆ ಮಾತನ್ನು ಹಿಡಿದರೆ ಹಿರಿಯರ ಪರಾಕ್ರಮದ ಹೆಮ್ಮೆಯೂ ನಮ್ಮದಲ್ಲ. ಮುತ್ಯಾ ರಾಜನ ಕಡೆ ಹೋರಾಡಿದ್ದು ನನ್ನ ಎದೆ ಉಬ್ಬಿಸುತ್ತದೆ ಎಂದಾದರೆ ಅವನ ಹೊಲದಲ್ಲಿ ಜೀತಕ್ಕಿದ್ದವನ ವಿಷಯ ನನ್ನ ತಲೆ ತಗ್ಗಿಸಬೇಕು. ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಅಲ್ಲೇ ಬಿಡುವುದು ವಾರಸುದಾರಿಕೆಯಲ್ಲ. ಆಸ್ತಿಯ ವಿಷಯದಲ್ಲಿ ನಮ್ಮ ಹಳ್ಳಿಯ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಪ್ಪನ ಹೊಲ ಬೇಕೆಂದರೆ ಅಪ್ಪನ ಸಾಲವನ್ನೂ ಹೊರಬೇಕು.

ಜೀತ ಎಂಬುದನ್ನು ನಾನು ಸುಮ್ಮನೆ ಉದಾಹರಣೆಗೆ ತರಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಭಗೇಲಾ ಎಂದು ಕರೆಯುತ್ತಿದ್ದ ಸಾಲದ ಜೀತ ಎಷ್ಟು ಹರಡಿತ್ತೆಂದರೆ 1930ರ ದಶಕದಲ್ಲಿ ನಿಜಾಮ್ ಸರ್ಕಾರವೇ ಅದನ್ನು ಹಿಡಿತಕ್ಕೆ ತರಲು ಕಾಯ್ದೆ ಮಾಡಬೇಕಾಯಿತು. ದೇಶದಲ್ಲಿ ಜೀತ ನಿಷೇಧ ಕಾಯ್ದೆ ಬಂದದ್ದು 1976ರಲ್ಲಿ. ಹುಸೇನಪ್ಪನ ಹೆಸರಿನಲ್ಲಿದ್ದದ್ದು ಸಣ್ಣ ಹಿಡುವಳಿಯಲ್ಲ. ನಾರಾಯಣಪುರದ ಕಾಲುವೆ ಬರುವುದಕ್ಕೆ ಬಹಳ ಮುಂಚಿನ ಒಣಬೇಸಾಯದ ಎರೆಭೂಮಿ ಅದು. ಅಷ್ಟನ್ನು ಒಂದು ಮನೆಯ ಎರಡು ಜೋಡಿ ಎತ್ತು ಉಳುವುದು ಸಾಧ್ಯವಿಲ್ಲ.

ನಾನು ಆ ಕುಟುಂಬಕ್ಕೆ ಪುಟವನ್ನು ಇಡಿಯಾಗಿ ಕಳಿಸಿದೆ. ಹೆಸರು ಇದ್ದಂತೆ, ಸರ್ವೆ ನಂಬರು, ಆಕಾರ, ಪಕ್ಕದ ಚಕ್ಕುಬಂದಿಯವರ ಹೆಸರು, ಓದಲಾಗದ ಜಾಗದಲ್ಲಿ ಓದಲಾಗಲಿಲ್ಲ ಎಂದು ಬರೆದು. ಹರಕೆಯ ಹೆಸರುಗಳ ರೂಢಿಯನ್ನು ಎರಡು ಸಾಲಿನಲ್ಲಿ ವಿವರಿಸಿದೆ. ಹಿರಿಯರಿಂದ ಬಹಳ ದಿನ ಉತ್ತರ ಬರಲಿಲ್ಲ. ಆಮೇಲೆ ಮೊಮ್ಮಗಳೇ ಬರೆದಳು. ಶಾಲೆಯ ಕೆಲಸ ಆಗಲೇ ಮುಗಿದಿತ್ತಂತೆ, ಅವಳು ಹುಸೇನಪ್ಪ ಎಂದೇ ಬರೆದು ಕೊಟ್ಟಿದ್ದಳು. ಅವಳ ಪತ್ರದಲ್ಲಿ ಎರಡು ಪ್ರಶ್ನೆಗಳಿದ್ದವು. ಹುಸೇನಪ್ಪನ ಹೆಂಡತಿಯ ಹೆಸರೇನು? ಅಷ್ಟು ಹೊಲದಲ್ಲಿ ದುಡಿದವರು ಯಾರು, ಅವರ ಮಕ್ಕಳು ಈಗ ಎಲ್ಲಿದ್ದಾರೆ?

ಎರಡಕ್ಕೂ ಆ ಪುಟದಲ್ಲಿ ಕಾಲಂ ಇಲ್ಲ ಎಂದು ಬರೆದೆ. ಮೊದಲನೆಯದನ್ನು ಆ ಮನೆಯ ಹೆಳವನಿಗೆ ಕೇಳಬಹುದು, ಅವನು ಈ ಸುಗ್ಗಿಗೆ ಬರುತ್ತಾನೋ ಇಲ್ಲವೋ. ಎರಡನೆಯದಕ್ಕೆ ಊರಿಗೇ ಹೋಗಬೇಕು. ಊರಲ್ಲಿ ಒಂದು ಕೇರಿಯವರು ತಮ್ಮ ಮುತ್ಯಾಗಳು ಯಾರ ಹೊಲದಲ್ಲಿದ್ದರು ಎಂಬುದನ್ನು ಮರೆತಿಲ್ಲ ಎಂದು ಕೇಳಿದ್ದೇನೆ. ಅವರಲ್ಲಿ ಹೆಚ್ಚಿನವರು ಈಗ ಬಸ್ಸು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ, ಯುಗಾದಿಗೆ ಬರುತ್ತಾರೆ.